ಮೂರನೇ ಸಲ ಒತ್ತಿದರೆ ಗಟ್ಟಿ

ಹೊಸ ಕಾರು ತಗೊಂಡು ನಾಲ್ಕು ತಿಂಗಳಾಗಿತ್ತು. ಕಂಪನಿಯಿಂದ ಮೆಸೇಜು ಬಂತು: ಬ್ರೇಕ್ ಎಣ್ಣೆ ಹರಿಯುವ ಪೈಪೊಂದರಲ್ಲಿ ದೋಷ ಇರುವ ಸಾಧ್ಯತೆ ಇದೆ, ತಂದುಬಿಡಿ, ಪುಕ್ಕಟೆ ಬದಲಾಯಿಸಿ ಕೊಡ್ತೀವಿ. ಆಫೀಸಿನಲ್ಲಿ ಎಲ್ಲರೂ ನಕ್ಕರು. ನನಗೆ ಮಾತ್ರ ಒಳಗೊಳಗೇ ಗೌರವ ಹುಟ್ಟಿತು. ಯಾರೂ ಕೇಳುವ ಮೊದಲೇ ‘ತಪ್ಪು ನಮ್ಮದು’ ಅನ್ನೋರು ಎಷ್ಟು ಜನ ಸಿಕ್ತಾರೆ ಹೇಳಿ? ಬೆಳಿಗ್ಗೆ ಬಿಟ್ಟ ಕಾರು ಸಂಜೆ ತೊಳೆದು ಒರೆಸಿಕೊಂಡು ವಾಪಸ್ ಬಂತು. ಕಾಗದದ ಮೇಲೆ ‘ಕೆಲಸ ಮುಗಿದಿದೆ’ ಅಂತ ಸೀಲು.

ಆದರೆ ಅವತ್ತಿನಿಂದ ಬ್ರೇಕ್ ಪೆಡಲು ಮೆತ್ತಗಾಗಿತ್ತು. ಒತ್ತಿದರೆ ಸ್ವಲ್ಪ ದೂರ ಸುಮ್ಮನೆ ಒಳಗೆ ಹೋಗಿ, ಆಮೇಲೆ ಹಿಡಿಯುತ್ತಿತ್ತು. ಫೋನ್ ಮಾಡಿದೆ. ಮಾರನೇ ದಿನ ಒಬ್ಬ ಹುಡುಗ ಬಂದು ಸೀಟಿನಲ್ಲಿ ಕೂತು ನಾಲ್ಕೈದು ಸಲ ಪೆಡಲು ಒತ್ತಿದ. ‘ಸರಿಯಾಗೇ ಇದೆ ಸರ್. ಹೊಸ ಪಾರ್ಟ್ ಅಲ್ವಾ, ರೂಢಿ ಆಗುತ್ತೆ’ ಅಂದ. ನಾನೂ ತಲೆ ಆಡಿಸಿದೆ. ನಿಜ ಹೇಳಬೇಕಂದ್ರೆ, ಅವನು ಹಾಗಂದಿದ್ದು ನನಗೆ ಬೇಕಾಗಿತ್ತು. ವಾರಾಂತ್ಯಕ್ಕೆ ಊರಿಗೆ ಹೋಗೋದಿತ್ತು.

ನಮ್ಮೂರು ಕೆಳದಿ ಹತ್ತಿರ. ಶುಕ್ರವಾರ ರಾತ್ರಿ ಹೊರಟೆ. ಬೆಳಗಿನ ಜಾವ ಆನಂದಪುರ ದಾಟುವಾಗ ರಸ್ತೆಗೆ ದನ ಅಡ್ಡ ಬಂತು. ಪೆಡಲು ನಾನೆಣಿಸಿದ್ದಕ್ಕಿಂತ ಕೆಳಗೆ ಹೋಯ್ತು. ಕಾರು ನಿಂತಿತು, ದನವೂ ಬದುಕಿತು. ಆದರೆ ಸಾಗರ ಮುಟ್ಟುವವರೆಗೂ ನನ್ನ ಕಾಲು ನಡುಗುತ್ತಿತ್ತು. ಯಾಕಂದ್ರೆ ಮಾರನೇ ದಿನ ಕುಂದಾಪುರದಲ್ಲಿ ಮದುವೆ. ಅಪ್ಪಯ್ಯ, ಅಮ್ಮನನ್ನು ಕೂರಿಸಿಕೊಂಡು ಹೊಸನಗರ, ನಗರ, ಮಾಸ್ತಿಕಟ್ಟೆ ಮೇಲೆ ಹುಲಿಕಲ್ ಘಾಟಿ ಇಳಿಯೋದಿತ್ತು.

ಮನೆಯಲ್ಲಿ ಏನೂ ಹೇಳದೆ ಸಾಗರದ ಹಳೇ ಗ್ಯಾರೇಜಿಗೆ ಹೋದೆ. ಅಪ್ಪಯ್ಯನ ಕಾಲದಿಂದ ನಮ್ಮ ಗಾಡಿ ನೋಡೋ ಸಾಬ್ರು ಅಲ್ಲಿದ್ದಾರೆ. ಅವರು ಬಾನೆಟ್ ಕೂಡ ತೆಗೀಲಿಲ್ಲ. ಗಾಡಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟು, ಆಮೇಲೆ ಕೂತು ಒಂದೇ ಸಲ ಒತ್ತಿದರು. ಪೆಡಲು ಆಳಕ್ಕೆ ಹೋಯ್ತು. ತಕ್ಷಣ ಎರಡನೇ ಸಲ, ಮೇಲೆ ಬಂತು. ಮೂರನೇ ಸಲಕ್ಕೆ ಕಲ್ಲಿನ ಹಾಗೆ ಗಟ್ಟಿ.

‘ಪೈಪಲ್ಲಿ ಗಾಳಿ ಉಳಿದದೆ’ ಅಂದರು. ‘ಎಣ್ಣೆ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಪೈಪ್ ಬಿಚ್ಚಿದ ಮೇಲೆ ಗಾಳಿ ಪೂರ್ತಿ ತೆಗೀಬೇಕು, ತೆಗ್ದಿಲ್ಲ. ಒತ್ತಿ ಹಿಡ್ಕೊಂಡಾಗ ನಿಧಾನಕ್ಕೆ ಇಳೀತಾ ಹೋದ್ರೆ ಅದು ಬೇರೆ, ಎಲ್ಲೋ ಸೋರ್ತದೆ ಅಂತ. ಇದು ಹಾಗಲ್ಲ.’

ಸರ್ವಿಸ್ ಸೆಂಟರಿನ ಹುಡುಗ ನೋಡಿದಾಗ ಸರಿ ಇತ್ತಲ್ಲ ಅಂದೆ. ಸಾಬ್ರು ನಕ್ಕರು. ‘ನಾಲ್ಕೈದು ಸಲ ಒತ್ತಿ ನೋಡಿರ್ತಾನೆ. ದನ ನಿಮಗೆ ನಾಲ್ಕು ಸಲ ಒತ್ತೋಕೆ ಟೈಮ್ ಕೊಡುತ್ತಾ?’

ನೀವೇ ಗಾಳಿ ತೆಗೆದುಕೊಡಿ ಅಂದರೆ ಒಪ್ಪಲಿಲ್ಲ. ಈ ಮಾಡೆಲ್ಲಿಗೆ ಕಂಪನಿಯ ಕಂಪ್ಯೂಟರ್ ಹಚ್ಚಿ ನೋಡೋದು ಒಳ್ಳೇದಂತೆ. ತಾವು ಮುಟ್ಟಿದರೆ ನಾಳೆ ತಪ್ಪೆಲ್ಲ ತಮ್ಮ ತಲೆಗೇ ಬರುತ್ತಂತೆ. ‘ಅಲ್ಲೀವರೆಗೂ ಘಾಟಿ ಇಳೀಬೇಡಿ’ ಅಂದವರು, ತಮ್ಮದೊಂದು ಹಳೇ ಕತೆ ಹೇಳಿದರು. ಒಂದು ರಾತ್ರಿ ಮಲಗಿದ ಮೇಲೆ, ಯಾರದೋ ಜೀಪಿನ ಚಕ್ರದ ನಟ್ಟು ಬಿಗಿ ಮಾಡಿದೆನೋ ಇಲ್ಲವೋ ಅಂತ ಅನುಮಾನ ಬಂತಂತೆ. ಎದ್ದು ಸೈಕಲ್ ತುಳಿದು ಅವರ ಮನೆ ಬಾಗಿಲು ಬಡಿದರಂತೆ. ನೋಡಿದರೆ ನಟ್ಟು ಬಿಗಿಯಾಗೇ ಇತ್ತು. ‘ಅವ್ರು ಬೈದ್ರು. ಆದ್ರೆ ಆಮೇಲೆ ಗಾಡಿ ಬೇರೆಲ್ಲೂ ಬಿಡಲಿಲ್ಲ.’

ರೀಕಾಲ್ ಅಂದರೆ ಇದೇ ಅಲ್ವಾ? ನಮ್ಮ ದೇಶದಲ್ಲಿ ಇದಕ್ಕೆ ಕಂಪನಿಗಳು ತಾವೇ ಮಾಡಿಕೊಂಡ ನಿಯಮ ಬಂದದ್ದು 2012ರಲ್ಲಿ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. 2021ರ ಏಪ್ರಿಲ್‌ನಿಂದ, ದೂರುಗಳ ಸಂಖ್ಯೆ ಮಿತಿ ದಾಟಿದರೆ ಸರ್ಕಾರವೇ ಗಾಡಿಗಳನ್ನು ವಾಪಸ್ ಕರೆಸಬಹುದು. 2022ರ ಅಕ್ಟೋಬರ್‌ನಲ್ಲಿ ಮಾರುತಿ ಸುಜುಕಿ ಹಿಂದಿನ ಬ್ರೇಕಿನ ಒಂದು ಪಿನ್ನಿನ ಅನುಮಾನಕ್ಕೆ 9,925 ಕಾರುಗಳನ್ನು ಕರೆಸಿತ್ತು. ನನ್ನ ಕಾರು ಆ ಪಟ್ಟಿಯದಲ್ಲ. ಆದರೆ ಅನುಮಾನ ಬಂದ ತಕ್ಷಣ ಬಾಗಿಲು ಬಡಿಯೋದು ದೊಡ್ಡ ಕಂಪನಿಗೂ ಸಾಧ್ಯ ಅನ್ನೋದಕ್ಕೆ ಅದು ಸಾಕ್ಷಿ. ಎಡವೋದು ಅದರ ನಂತರದ ಹೆಜ್ಜೆಯಲ್ಲಿ. ತಪ್ಪು ಒಪ್ಪಿಕೊಂಡ ಮೇಲೆ ರಿಪೇರಿಯೂ ತಪ್ಪಾಗಬಹುದು ಅಂತ ಯಾರೂ ಎಣಿಸೋದಿಲ್ಲ. ‘ಸರಿಮಾಡಿದ್ದೇವೆ’ ಅನ್ನೋದು ಮಾಡಿದವರ ಮಾತು. ‘ಸರಿಯಾಗಿದೆ’ ಅನ್ನೋ ಮಾತು ಕಾಲಿಟ್ಟವನ ಬಾಯಿಂದ ಬರಬೇಕು.

ಮದುವೆಗೆ ಬಸ್ಸಿನಲ್ಲಿ ಹೋದೆವು. ಹುಲಿಕಲ್ಲಿನಲ್ಲಿ ಚಂಡಿಕಾಂಬೆ ಗುಡಿ ಎದುರು ಡ್ರೈವರ್ ಬಸ್ಸು ನಿಧಾನ ಮಾಡಿ ಕೈ ಮುಗಿದರು, ಗೇರು ಇಳಿಸಿದರು, ಆಮೇಲೆ ಘಾಟಿಗೆ ಬಿಟ್ಟರು. ಅವರ ಬ್ರೇಕನ್ನು ಯಾರು ಯಾವಾಗ ನೋಡಿದ್ದಾರೋ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಅಮ್ಮ ನಿದ್ದೆ ಹೋದರು. ಎಲ್ಲವನ್ನೂ ಅನುಮಾನಿಸುತ್ತಾ ಬದುಕೋಕಾಗಲ್ಲ. ಹಾಗಾದರೆ ನಂಬಿಕೆ ಅಂದರೇನು? ತಪ್ಪೇ ಆಗಲ್ಲ ಅನ್ನೋ ಖಾತ್ರಿ ಯಾರೂ ಕೊಡಲಾರರು. ತಪ್ಪಾದರೆ ಅವರು ಹೇಳ್ತಾರೆ, ನಾವು ಹೇಳಿದರೆ ಕೇಳ್ತಾರೆ; ಇಷ್ಟಿದ್ದರೆ ಸಾಕು, ನಿದ್ದೆ ಬರುತ್ತೆ ಅನ್ಸುತ್ತೆ.

ಸೋಮವಾರ ಕಾರನ್ನು ಲಾರಿ ಮೇಲೆ ಏರಿಸಿ ಶಿವಮೊಗ್ಗಕ್ಕೆ ಕಳಿಸಿದೆ. ಈ ಸಲ ‘ಬ್ರೇಕ್ ಪ್ರಾಬ್ಲಂ’ ಅಂತ ಬರೆಸಲಿಲ್ಲ. ‘ಗಾಡಿ ನಿಂತು ಸ್ವಲ್ಪ ಹೊತ್ತಾದ ಮೇಲೆ ಮೊದಲ ಸಲ ಒತ್ತಿದರೆ ಆಳಕ್ಕೆ ಹೋಗುತ್ತೆ, ಮೂರನೇ ಸಲಕ್ಕೆ ಗಟ್ಟಿ’ ಅಂತ ಬರೆಸಿದೆ. ಸಂಜೆ ಫೋನ್ ಬಂತು. ಗಾಳಿ ಇತ್ತು, ತೆಗೆದಿದ್ದೇವೆ ಅಂದರು. ಈಗ ಮೊದಲ ಸಲಕ್ಕೇ ಗಟ್ಟಿ.

ಬೆಂಗಳೂರಿನ ಆ ಹುಡುಗನ ಮೇಲೆ ಒಂದು ಉದ್ದನೆಯ ದೂರು ಬರೆಯೋಕೆ ಕೂತೆ. ಬರೆಯುತ್ತಾ ಬೇರೇನೋ ನೆನಪಾಯ್ತು. ನಾನು ಸಾಫ್ಟ್‌ವೇರ್ ಟೆಸ್ಟಿಂಗಿನವನು. ಆಸ್ಪತ್ರೆಗಳಲ್ಲಿ ಔಷಧಿ ಲೆಕ್ಕ ಇಡುವ ಪ್ರೋಗ್ರಾಂ ನಮ್ಮದು. ಎರಡು ತಿಂಗಳ ಹಿಂದೆ ನರ್ಸ್ ಒಬ್ಬರು ಬರೆದಿದ್ದರು: ಬೆಳಿಗ್ಗೆ ಮೊದಲ ಸಲ ತೆರೆದಾಗ ಒಂದು ಕ್ಷಣ ಹಿಂದಿನ ರೋಗಿಯ ಡೋಸ್ ಕಾಣುತ್ತೆ. ನಾನು ಮಧ್ಯಾಹ್ನ, ಅಷ್ಟೊತ್ತಿಗೆ ಹತ್ತು ಸಲ ತೆರೆದಿದ್ದ ಸ್ಕ್ರೀನಿನಲ್ಲಿ ನೋಡಿ, ‘ಸಮಸ್ಯೆ ಕಾಣಿಸಲಿಲ್ಲ’ ಅಂತ ಬರೆದು ಟಿಕೆಟ್ ಮುಚ್ಚಿದ್ದೆ. ಆ ಹುಡುಗನಿಗೂ ದಿನಕ್ಕಿಷ್ಟು ಗಾಡಿ ಅಂತ ಲೆಕ್ಕ ಇರಬೇಕು. ನನಗೂ ಇದೆ.

ದೂರನ್ನು ಕಳಿಸಿದೆ. ಕಳಿಸಬೇಕಾದದ್ದೇ, ಅದೇ ದಿನ ಪೈಪ್ ಬದಲಾಯಿಸಿಕೊಂಡ ಬೇರೆ ಗಾಡಿಗಳೂ ಇವೆಯಲ್ಲ. ಆದರೆ ಬೈಗುಳ ತೆಗೆದುಹಾಕಿ, ಹೇಗೆ ಪರೀಕ್ಷೆ ಮಾಡಬೇಕು ಅನ್ನೋದನ್ನಷ್ಟೇ ಬರೆದೆ. ಆಮೇಲೆ ಆ ಹಳೇ ಟಿಕೆಟ್ ಮತ್ತೆ ತೆರೆದು ನರ್ಸ್‌ಗೆ ಬರೆದೆ: ‘ಮೇಡಂ, ಆವತ್ತು ನಾನು ಸರಿಯಾಗಿ ನೋಡಿರಲಿಲ್ಲ. ನಾಳೆ ಬೆಳಿಗ್ಗೆ ನೀವು ಮೊದಲ ಸಲ ತೆರೆಯುವಾಗ ನನಗೊಂದು ಫೋನ್ ಮಾಡ್ತೀರಾ?’