ನೂತನ ಉಪಾಧ್ಯಾಯನ ಸಿದ್ಧತೆ

ಶಿವಮೊಗ್ಗೆಯಲ್ಲಿ ಶಿಕ್ಷಕರ ತರಬೇತಿಯನ್ನು ಮುಗಿಸಿ, ಭದ್ರಾವತಿಯ ಶಾಲೆಯೊಂದಕ್ಕೆ ಮೊದಲ ಬಾರಿಗೆ ಹೊರಟುನಿಂತಿರುವ ತರುಣನೊಬ್ಬನನ್ನು ವಾಚಕರು ಭಾವಿಸಿಕೊಳ್ಳಲಿ. ಪಾಠದ ಟಿಪ್ಪಣಿ ಸಿದ್ಧವಾಗಿದೆ. ಅರ್ಹತಾಪರೀಕ್ಷೆಯಲ್ಲಿ ತೇರ್ಗಡೆಯೂ ಆಗಿದೆ. ಆದರೂ ಮನಸ್ಸಿನಲ್ಲಿ ಒಂದು ಅಳುಕು: “ಮಕ್ಕಳು ಕೇಳಿದುದಕ್ಕೆ ಉತ್ತರ ತಿಳಿಯದೆಹೋದರೆ?” ಈ ಅಳುಕು ಅಲ್ಪವಾದುದಲ್ಲ. ಪೂರ್ಣವಾಗಿ ತಿಳಿಯದವನಿಗೆ ಕಲಿಸುವ ಅಧಿಕಾರವುಂಟೆ ಎಂಬ ಧರ್ಮಜಿಜ್ಞಾಸೆಯೇ ಅದರಲ್ಲಡಗಿದೆ.

ಕಬ್ಬಿಣದ ಪಾಠವನ್ನೇ ತೆಗೆದುಕೊಳ್ಳೋಣ. ಅದಿರನ್ನು ಕೋಕಿನಿಂದ ಕರಗಿಸುವರೆಂದು ಪುಸ್ತಕವು ಹೇಳುತ್ತದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಷ್ಟ್ರೇ, ನಮ್ಮೂರಿನ ಕುಲುಮೆಗೆ ಇದ್ದಿಲು ಹಾಕುತ್ತಿದ್ದರಂತೆ, ನಮ್ಮಜ್ಜ ಹೇಳುತ್ತಾರೆ” ಎಂದರೆ? ಅವಳ ಮಾತು ದಿಟ. 1918ರಲ್ಲಿ ಸ್ಥಾಪಿತವಾಗಿ 1923ರಲ್ಲಿ ಕೆಲಸವನ್ನಾರಂಭಿಸಿದ ಅಲ್ಲಿಯ ಕಾರ್ಖಾನೆಯು ಕಲ್ಲಿದ್ದಲಿನ ಗಣಿಗಳಿಗೆ ಬಲುದೂರ; ಕೆಮ್ಮಣ್ಣುಗುಂಡಿಯ ಅದಿರಿಗೂ ಮಲೆನಾಡಿನ ಕಾಡುಗಳಿಗೂ ಸಮೀಪ. ಆದುದರಿಂದ ಮೊದಲಲ್ಲಿ ಮರದ ಇದ್ದಿಲೇ ಅದರ ಇಂಧನವಾಯಿತು. ಇದ್ದಿಲಾಗಲಿ ಕೋಕಾಗಲಿ, ಅದಿರಿನಿಂದ ಕಬ್ಬಿಣವನ್ನು ಬಿಡಿಸಲು ನೆರವಾಗುವುದು ಇಂಗಾಲವೇ.

ಇದನ್ನರಿಯದ ಉಪಾಧ್ಯಾಯನಿಗೆ ಎರಡು ದಾರಿಗಳಿವೆ. “ಪುಸ್ತಕದಲ್ಲಿಲ್ಲದುದನ್ನು ಹೇಳಬೇಡ, ಕುಳಿತುಕೊ” ಎಂದು ಗದರಿಸುವುದು ಒಂದು, “ನನಗೆ ತಿಳಿಯದು ತಾಯಿ, ವಿಚಾರಿಸಿ ನಾಳೆ ಹೇಳುತ್ತೇನೆ, ನೀನೂ ಅಜ್ಜನನ್ನು ಕೇಳಿಕೊಂಡು ಬಾ” ಎನ್ನುವುದು ಇನ್ನೊಂದು. ಗದರಿಸಿದರೆ ಗುರುವಿನ ಮಾನವು ಆ ಗಳಿಗೆಗೆ ಉಳಿದೀತು. ಆದರೆ ಮನೆಯಲ್ಲಿ ಕೇಳಿದ ಸತ್ಯವನ್ನು ಶಾಲೆಯಲ್ಲಿ ಆಡಬಾರದೆಂಬುದನ್ನು ಆ ಮಗು ಕಲಿತುಬಿಡುತ್ತದೆ.

ಸಂಸ್ಕೃತದಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ಕನ್ನಡದ ಬಳಕೆಯಲ್ಲಿ ‘ಶಿಕ್ಷೆ’ಯು ದಂಡನೆಯಾಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಕಾನೂನು ಕೈಯನ್ನು ತಡೆದೀತು, ನಾಲಗೆಯನ್ನೂ ತಡೆದೀತು. ಆದರೆ ತನ್ನ ಅಜ್ಞಾನವು ಬಯಲಾದೀತೆಂಬ ಭಯವು ಎಷ್ಟೋ ಕಾಠಿನ್ಯಕ್ಕೆ ಮೂಲವಾಗಿದೆ. ಅದನ್ನು ಉಪಾಧ್ಯಾಯನೇ ನೀಗಿಕೊಳ್ಳಬೇಕು.

ಹೀಗೆ ಒಪ್ಪಿಕೊಂಡರೆ ಗೌರವವು ಕುಂದುವುದಿಲ್ಲವೆ ಎಂದು ಕೆಲವರು ಕೇಳಬಹುದು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಆಚಾರ್ಯನು, ಓದನ್ನು ಮುಗಿಸಿದ ಶಿಷ್ಯನಿಗೆ, ತಮ್ಮ ನಡತೆಯಲ್ಲಿ ಒಳ್ಳೆಯದಾದುದನ್ನು ಮಾತ್ರವೇ ಅನುಸರಿಸಬೇಕೆಂದು ಉಪದೇಶಿಸುತ್ತಾನೆ. ತಮ್ಮಲ್ಲಿಯೂ ಕೊರತೆಯಿರಬಹುದೆಂದು ಸೂಚಿಸಿದುದರಿಂದ ಆ ಮಾತಿನ ತೂಕವು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲ. ಕಲಿಸುವ ಅಧಿಕಾರಕ್ಕೆ ಪೂರ್ಣಜ್ಞಾನವೇ ಬೇಕೆಂದರೆ ಪಾಠಶಾಲೆಗಳನ್ನೆಲ್ಲ ಮುಚ್ಚಬೇಕಾದೀತು. ಸತ್ಯನಿಷ್ಠೆ ಬೇಕೆಂದರೆ ಇಂದೇ ಹೊರಡಬಹುದು.

ಆದರೆ ‘ತಿಳಿಯದು’ ಎಂಬ ಮಾತು ಸೋಮಾರಿಗೆ ಆಸರೆಯಾಗಕೂಡದು. ಓದಿ ಬಂದವನಿಗೆ ಮಾತ್ರವೇ ಅದನ್ನಾಡುವ ಹಕ್ಕುಂಟು. ‘ನಾಳೆ’ ಎಂದವನು ನಾಳೆಯೇ ಅದನ್ನು ತೀರಿಸಬೇಕು. ಮಕ್ಕಳು ಪಾಠವನ್ನು ಮರೆತಾರು, ಕೊಟ್ಟ ಮಾತನ್ನು ಮರೆಯರು. ಆದುದರಿಂದ ಆ ತರುಣನು ಟಿಪ್ಪಣಿಯೊಡನೆ ಒಂದು ಬರಿಯ ಹಾಳೆಯನ್ನೂ ಇಟ್ಟುಕೊಳ್ಳಲಿ. ತಾನು ಉತ್ತರಿಸಲಾರದ ಪ್ರಶ್ನೆಗಳನ್ನು ಮಕ್ಕಳೆದುರಿಗೇ ಅದರಲ್ಲಿ ಬರೆದುಕೊಳ್ಳಲಿ.