ಚಿಂತಾಕಿಯ ಗೊಬ್ಬರದಂಗಡಿಗೆ ಯಾವ ರೌಟರ್?

ಔರಾದ ತಾಲ್ಲೂಕಿನ ಚಿಂತಾಕಿಯಂಥ ಊರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು ಯಾವ ರೌಟರ್ ಕೊಳ್ಳಬೇಕು ಎಂಬುದು ಇಲ್ಲಿನ ವಿಷಯ. ಬಿಲ್ಲಿನ ಕಂಪ್ಯೂಟರ್, ಸಿಸಿ ಕ್ಯಾಮೆರಾ, ನಾಲ್ಕಾರು ಮೊಬೈಲು, ಜೊತೆಗೆ ಪಿಒಎಸ್ ಯಂತ್ರ: ಇಷ್ಟೇ ಸಂಸಾರ. ಕೊನೆಯದರದ್ದೇ ತೂಕ ಹೆಚ್ಚು. 2018ರ ಮಾರ್ಚ್ ಹೊತ್ತಿಗೆ ದೇಶದೆಲ್ಲೆಡೆ ಜಾರಿಗೆ ಬಂದ ಪದ್ಧತಿಯಂತೆ, ಯೂರಿಯಾ, ಡಿಎಪಿ ಮಾರಾಟ ಈ ಯಂತ್ರದಲ್ಲಿ ದಾಖಲಾದ ಮೇಲೆಯೇ ತಯಾರಕರಿಗೆ ಸಬ್ಸಿಡಿ. ನೆಟ್ ಇಲ್ಲದಿದ್ದರೆ ರೈತರ ಬೆರಳಚ್ಚು ಆಧಾರ್‌ಗೆ ತಾಳೆಯಾಗದು. ಮುಂಗಾರು ಬಿದ್ದು ಸೋಯಾ, ಉದ್ದು, ಹೆಸರು ಬಿತ್ತುವ ವಾರದಲ್ಲಿ ಹೀಗಾದರೆ ಸಾಲು ಬೀದಿಗೆ ಬರುತ್ತದೆ.

ಪೂರ್ವಪಕ್ಷ ಎರಡು. ಕೊಳ್ಳುವುದೇ ಆದರೆ ಆರು ಆಂಟೆನಾದ, ಭಾರಿ ವೇಗದ್ದನ್ನೇ ಕೊಳ್ಳಿ ಎಂಬುದು ಒಂದು. ಇದು ನಿಲ್ಲದು. ಪೆಟ್ಟಿಗೆಯ ಮೇಲಿನ ಅಂಕಿ ಎಲ್ಲ ಬ್ಯಾಂಡುಗಳ ಗರಿಷ್ಠ ವೇಗವನ್ನು ಕೂಡಿ ಬರೆದದ್ದು. ಬೆರಳಚ್ಚಿಗೂ ಬಿಲ್ಲಿಗೂ ಬೇಕಾದದ್ದು ಅದರಲ್ಲಿ ಚಿಟಿಕೆಯಷ್ಟು. ಹಳೆಯ ದಪ್ಪ ಕಲ್ಲುಗೋಡೆ ದಾಟುವಾಗ 5 ಗಿಗಾಹರ್ಟ್ಸ್ ಬೇಗ ಸೊರಗುತ್ತದೆ, 2.4 ಒಂದಿಷ್ಟು ತಾಳುತ್ತದೆ. ಗೋದಾಮಿಗೆ ಒಂದು ಲ್ಯಾನ್ ತಂತಿ ಎಳೆದರೆ ಆ ಚಿಂತೆಯೂ ಇಲ್ಲ.

ಫೈಬರ್‌ನವರು ಕೊಟ್ಟ ಡಬ್ಬಿ ಇರುವಾಗ ಇನ್ನೊಂದು ಯಾಕೆ ಎಂಬುದು ಎರಡನೆಯದು, ಗಟ್ಟಿಯಾದದ್ದು. ಲೈನ್ ಸರಿಯಿರುವಷ್ಟು ದಿನ ಅದೇ ಸಾಕು, ಒಪ್ಪಿದೆ. ಆದರೆ ಸಾಮಾನ್ಯವಾಗಿ ಅದಕ್ಕೆ ಹೊರಹೋಗಲು ಒಂದೇ ದಾರಿ. ರಸ್ತೆ ಅಗೆಯುವ ಜೆಸಿಬಿ ಫೈಬರ್ ಹರಿದರೆ ಅಂಗಡಿ ಕುರುಡು. ಆದ್ದರಿಂದ ಸಿದ್ಧಾಂತ ಹೀಗೆ: ವೇಗ ನೋಡಿ ಅಲ್ಲ, ಲೈನ್ ಹೋದಾಗ ತಾನಾಗಿ ಎರಡನೆಯ ದಾರಿಗೆ, ಅಂದರೆ 4ಜಿ ಸಿಮ್‌ಗೆ, ಹೊರಳುವುದನ್ನು ನೋಡಿ ಆರಿಸಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಫೈಬರ್ ಊರಾಚೆ ಹರಿದಾಗ ಡಬ್ಬಿಗೂ ರೌಟರಿಗೂ ನಡುವಿನ ತಂತಿ ಸರಿಯಾಗಿಯೇ ಇರುತ್ತದೆ, ಪೋರ್ಟಿನ ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಆ ದೀಪವನ್ನಷ್ಟೇ ನಂಬುವ ರೌಟರ್ ಎರಡು ದಾರಿ ಇದ್ದೂ ಹೊರಳುವುದಿಲ್ಲ. ಹೊರಗಿನ ಒಂದು ವಿಳಾಸಕ್ಕೆ ಆಗಾಗ ಪಿಂಗ್ ಕಳಿಸಿ, ಉತ್ತರ ಬಾರದಿದ್ದರೆ ಹೊರಳುವಂಥದ್ದೇ ಬೇಕು.

ಪಿಒಎಸ್ ಯಂತ್ರಕ್ಕೇ ಸಿಮ್ ಇದೆಯಲ್ಲ ಎಂದು ಕೇಳಬಹುದು. ಆ ಸಿಮ್ಮಿಗೆ ಅಂಗಡಿಯೊಳಗೆ ಸಿಗ್ನಲ್ ಚೆನ್ನಾಗಿದ್ದರೆ ನನ್ನ ವಾದದ ಅರ್ಧ ಬಲ ಹೋಯಿತು. ಉಳಿಯುವುದು ಬಿಲ್ಲು, ಜಿಎಸ್‌ಟಿ, ಕ್ಯಾಮೆರಾ. ಸಿಗ್ನಲ್ ಕಟ್ಟೆಯ ಮೇಲೆ ನಿಂತರಷ್ಟೇ ಸಿಗುವುದಾದರೆ ವಾದ ಪೂರ್ತಿ ನಿಂತಿತು: ರೌಟರನ್ನು ಸಿಗ್ನಲ್ ಸಿಗುವ ಕಡೆ ಇಟ್ಟು ನೆಟ್ ಒಳಗೆ ತರಬಹುದು. ಟವರೂ ಅದೇ ಫೈಬರ್ ನೆಚ್ಚಿದ್ದರೆ? ಎರಡೂ ಒಟ್ಟಿಗೇ ಹೋಗಬಹುದು. ಅದಕ್ಕೇ ಫೈಬರ್ ಒಂದು ಕಂಪನಿಯದು, ಸಿಮ್ ಇನ್ನೊಂದರದು ಇರಲಿ. ಅಪಾಯ ತಪ್ಪದು, ತಗ್ಗುತ್ತದೆ. ಕರೆಂಟಿನ ಮಾತು ಸಲೀಸು: ಒಂದು ಸಣ್ಣ ಯುಪಿಎಸ್ಸಿಗೆ ರೌಟರಿನ ಜೊತೆ ಫೈಬರ್ ಡಬ್ಬಿಯನ್ನೂ ಸೇರಿಸಿ, ಅಡಾಪ್ಟರಿನ ವೋಲ್ಟ್ ಓದಿಕೊಂಡು. ಡಬ್ಬಿಯನ್ನು ಮರೆಯುವವರೇ ಹೆಚ್ಚು.

ದುಬಾರಿ ಎನ್ನುವವರಿಗೆ, ಯುಎಸ್‌ಬಿ ಪೋರ್ಟಿನಲ್ಲಿ ಹಳೆಯ ಮೊಬೈಲಿನ ನೆಟ್ ತೆಗೆದುಕೊಳ್ಳುವ ರೌಟರುಗಳೂ ಇವೆ. ಉಳಿತಾಯ ಮಾಡಬಾರದ್ದು ಅಪ್‌ಡೇಟ್ ವಿಷಯದಲ್ಲಿ. ಜೊತೆಗೆ ಪಾಸ್‌ವರ್ಡನ್ನೂ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ರೌಟರುಗಳನ್ನು ಹಿಡಿದದ್ದು ಯಾರೂ ಬದಲಿಸದ ಫ್ಯಾಕ್ಟರಿ ಪಾಸ್‌ವರ್ಡುಗಳಿಂದಲೇ. ವೈಫೈ ಕೇಳುವ ಗಿರಾಕಿಗಳಿಗೆ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿ. ಬಿಲ್ಲಿನ ಕಂಪ್ಯೂಟರ್ ಅವರಿಗೆ ಕಾಣಬಾರದು.

ದುಡ್ಡು ಎಣಿಸುವ ಮುನ್ನ, ಜೋಡಿಸಲು ಬಂದವರಿಂದಲೇ ಒಂದು ಪರೀಕ್ಷೆ ಮಾಡಿಸಿ. ಲ್ಯಾನ್ ತಂತಿಯನ್ನಲ್ಲ, ಡಬ್ಬಿಯ ಹಿಂದಿನ ಫೈಬರನ್ನೇ ಬಿಚ್ಚಿಸಿ, ಬಿಲ್ಲಿನ ಕಂಪ್ಯೂಟರಿನಲ್ಲಿ ಜಿಎಸ್‌ಟಿ ಪೋರ್ಟಲ್ ತೆರೆಯುತ್ತದೆಯೇ ನೋಡಿ.