ಹೇಳಿದ ಮಾತು, ಕೊಟ್ಟ ಮಾತು

ಆಡಿದ ಮಾತಿಗೆ ತಪ್ಪಬಾರದೆಂದು ಕೇಳುತ್ತಲೇ ಬೆಳೆದವರು ನಾವು. ತಾನೇ ಹೇಳಿದ ಲೆಕ್ಕವನ್ನು ಹದಿನಾರು ವರ್ಷಗಳ ಮೇಲೆ ತಿದ್ದಿ ಹೇಳಿದವರೂ ಮಾತಿಗೆ ತಪ್ಪಿದವರೇ?

ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೇಶಾನ್ ಎಂಬಲ್ಲಿ, ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದ ಸುಣ್ಣಕಲ್ಲಿನ ಪದರಗಳಿವೆ. ಕೆಳಗಿನವುಗಳಲ್ಲಿ ಬಗೆಬಗೆಯ ಜೀವಿಗಳ ಗುರುತು. ಒಂದೆಡೆ ಅವು ಥಟ್ಟನೆ ಕಡಿಮೆಯಾಗುತ್ತವೆ. ಪರ್ಮಿಯನ್ ಯುಗ ಮುಗಿದು ಟ್ರಯಾಸಿಕ್ ಯುಗ ತೊಡಗುವ ಗಡಿ ಅಲ್ಲೇ ಇದೆ. ನಮಗೆ ತಿಳಿದಿರುವ ಅತಿ ದೊಡ್ಡ ಜೀವನಾಶ ಆಗಲೇ ನಡೆದದ್ದು. ಎಷ್ಟು ವರ್ಷದ ಹಿಂದೆ ಎಂದು ಚಿಪ್ಪು ಹೇಳಲಾರದು. ಪುಣ್ಯಕ್ಕೆ, ಚಿರೋಟಿಯ ಪದರಗಳ ನಡುವೆ ಸಾಟಿ ಸವರಿದ ಹಾಗೆ, ಅಲ್ಲಲ್ಲಿ ತೆಳ್ಳಗೆ ಜ್ವಾಲಾಮುಖಿಯ ಬೂದಿ ಕೂತಿದೆ.

ಆ ಬೂದಿಯಲ್ಲಿ ಜಿರ್ಕಾನ್ ಎಂಬ ಸಣ್ಣ ಹರಳುಗಳು ಸಿಗುತ್ತವೆ. ಹರಳುಗಟ್ಟುವಾಗ ಅದು ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಂಡು ಸೀಸವನ್ನು ಹೆಚ್ಚುಕಡಿಮೆ ಹೊರಗೇ ನಿಲ್ಲಿಸುತ್ತದೆ. ಆಮೇಲೆ ಯುರೇನಿಯಂ ತನ್ನ ಪಾಡಿಗೆ ತಾನು ಸೀಸವಾಗುತ್ತ ಹೋಗುತ್ತದೆ. ಅದರ ಒಂದು ಬಗೆ ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಇನ್ನೊಂದಕ್ಕೆ 70 ಕೋಟಿ. ಒಂದೇ ಹರಳಿನಲ್ಲಿ ಎರಡು ಗಡಿಯಾರ! ಸೀಸವನ್ನೂ ಉಳಿದ ಯುರೇನಿಯಮ್ಮನ್ನೂ ಅಳೆದರೆ ಬೂದಿಯ ವಯಸ್ಸು ಸಿಗುತ್ತದೆ. ಅದರಿಂದ ನಡುವಿನ ಕಲ್ಲಿನದು.

1998ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಬೌರಿಂಗ್ ಮತ್ತು ಸಂಗಡಿಗರು ಆ ಗಡಿಗೆ 25 ಕೋಟಿ 14 ಲಕ್ಷ ವರ್ಷ ಎಂದರು. 3 ಲಕ್ಷ ಆಚೀಚೆ ಆಗಬಹುದೆಂದೂ ಬರೆದರು. ಆದರೆ ಹರಳಿನ ಹಾಳಾದ ಭಾಗಗಳಿಂದ ಸೀಸ ಸೋರಿಹೋಗುತ್ತದೆ, ವಯಸ್ಸು ಕಡಿಮೆಯಾಗಿ ಕಾಣುತ್ತದೆ. 2005ರಲ್ಲಿ ಜೇಮ್ಸ್ ಮ್ಯಾಟಿನ್ಸನ್ ಇದಕ್ಕೊಂದು ದಾರಿ ಪ್ರಕಟಿಸಿದರು: ಹರಳನ್ನು ಚೆನ್ನಾಗಿ ಕಾಯಿಸಿ, ಹಾಳಾದದ್ದನ್ನು ಆಮ್ಲದಲ್ಲಿ ಕರಗಿಸಿ ತೆಗೆದು, ಗಟ್ಟಿ ಉಳಿದದ್ದನ್ನಷ್ಟೇ ಅಳೆಯುವುದು. (ಅಕ್ಕಿ ಆರಿಸಿ ಅನ್ನಕ್ಕಿಡುವ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.) 2014ರಲ್ಲಿ ಸೇತ್ ಬರ್ಜೆಸ್ ಮತ್ತು ಷೆನ್ ಷುಜಾಂಗ್ ಜೊತೆ ಸೇರಿ ಅದೇ ಬೌರಿಂಗ್ ಹೊಸ ಲೆಕ್ಕ ಕೊಟ್ಟರು: 25 ಕೋಟಿ 19 ಲಕ್ಷ 2 ಸಾವಿರ, ಆಚೀಚೆ 24 ಸಾವಿರ.

ಗಮನಿಸಿ, ಹೊಸ ಸಂಖ್ಯೆ ಹಳೆಯ 3 ಲಕ್ಷದ ಬೇಲಿಯನ್ನೂ ದಾಟಿದೆ. ತಮ್ಮ ಅನುಮಾನಕ್ಕೆ ಇಟ್ಟ ಅಳತೆಯೇ ಸಾಲದಾಗಿತ್ತೆಂದು ಜಗತ್ತಿನ ಮುಂದೆ ತೋರಿಸಿಕೊಟ್ಟ ಹಾಗಾಯಿತು. ನನಗೆ ಇದರಲ್ಲಿ ಅವಮಾನ ಕಾಣುವುದಿಲ್ಲ. ಕೊಟ್ಟ ಮಾತು ಕೊಟ್ಟವರನ್ನು ಕಟ್ಟಿಹಾಕುತ್ತದೆ, ಸರಿ. ಹೇಳಿದ ಮಾತಾದರೋ ಯಾವುದರ ಬಗ್ಗೆ ಹೇಳಿದೆವೋ ಅದಕ್ಕೆ ಬದ್ಧವಾಗಿರಬೇಕು. ಕಲ್ಲು ಬೇರೆ ಹೇಳಿದರೆ ನಾವೂ ಬೇರೆ ಹೇಳಬೇಕು. ನಮ್ಮ ಮನೆಗಳಲ್ಲಿ ಈ ಎರಡನ್ನೂ ಕಲಸಿಬಿಡುತ್ತೇವೆ.

ನಮ್ಮ ಬೀದಿಯ ಹಿರಿಯರೊಬ್ಬರು ಮಗಳಿಗೆ ಗೊತ್ತು ಮಾಡಿದ ಹುಡುಗ ಬಲು ಒಳ್ಳೆಯವನೆಂದು ನಾಲ್ಕು ಜನರ ಮುಂದೆ ಹೇಳಿದ್ದರು. ಲಗ್ನಕ್ಕೆ ತಿಂಗಳಿರುವಾಗ ಬೇರೆ ಸುದ್ದಿ ಬಂತು. ವಿಚಾರಿಸಿ ನೋಡೋಣವೆಂದು ಹೆಂಡತಿ ಅತ್ತರು. "ಒಳ್ಳೆಯವನೂಂತ ಹೇಳಿಯಾಗಿದೆಯಲ್ಲೇ, ಈಗ ಹೇಗೆ ಬದಲಿಸಲಿ?" ಎಂದರು ಅವರು. ಮಗಳು ಎರಡು ವರ್ಷಕ್ಕೆ ತವರಿಗೆ ಮರಳಿದಳು. ಹುಡುಗ ಒಳ್ಳೆಯವನೆಂದು ಅವರು ಇಂದಿಗೂ ಹೇಳುತ್ತಾರೆ.